ಪಟ್ಟಿಯಕ್ಕನ ಎರಡು ಡಿಗ್ರಿ, ಗುಮಾಸ್ತರ ಒಂದು ಊಟ

ಪರೀಕ್ಷೆ ಬರೆಯುವವರ ಸಂಕಟ ಲೋಕಕ್ಕೆಲ್ಲ ಗೊತ್ತು. ಅವರಿಗೆ ಹಾಲು ಕಾಯಿಸಿ ಕೊಡುವವರಿದ್ದಾರೆ, ಬೆನ್ನು ತಟ್ಟುವವರಿದ್ದಾರೆ, ಏನಿಲ್ಲವೆಂದರೆ ಬೈಯುವವರಾದರೂ ಇದ್ದಾರೆ. ಯಾವ ದಿನ ಯಾವ ಪರೀಕ್ಷೆ ಎಂದು ಪಟ್ಟಿ ಮಾಡುವವರ ಸಂಕಟ ಮಾತ್ರ ಯಾರಿಗೂ ಬೇಡ. ಪಟ್ಟಿ ಸರಿಯಿದ್ದರೆ ಅದು ಗೋಡೆಗೆ ಅಂಟಿಸಿದ ಕಾಗದ ಅಷ್ಟೇ. ತಪ್ಪಿದರೆ ತಕ್ಷಣ ಅದಕ್ಕೊಬ್ಬರು ಯಜಮಾನರು ಬೇಕಾಗುತ್ತಾರೆ, ಉಗಿಯುವುದಕ್ಕೆ.

ನಾನು ಹೇಳಹೊರಟ ಹೆಂಗಸು ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದವಳು, ಒಂದು ಸಲವೂ ಉಗಿಸಿಕೊಳ್ಳದವಳು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆ. ಹೆತ್ತವರು ಇಟ್ಟ ಹೆಸರೊಂದಿತ್ತು, ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಕುಲಪತಿಯಿಂದ ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಪಟ್ಟಿಯಕ್ಕ.

ಪಟ್ಟಿಯಕ್ಕನ ಮೇಜಿನ ಹಿಂದೆ ಗೋಡೆಯಗಲ ಒಂದು ಹಲಗೆ. ಅದರ ಮೇಲೆ ಪ್ರತಿ ಪೇಪರಿಗೂ ಒಂದು ಚೀಟಿ, ಪ್ರತಿ ಚೀಟಿಗೂ ಒಂದು ಗುಂಡುಪಿನ್ನು. ವಿದ್ಯಾರ್ಥಿಗಳ ಅರ್ಜಿ ಕಟ್ಟು ಬಂದ ಕೂಡಲೇ ಅವಳು ಒಂದೊಂದೇ ಅರ್ಜಿ ತೆಗೆದು, ಒಬ್ಬರೇ ಬರೆಯಬೇಕಾದ ಪೇಪರುಗಳ ಪಿನ್ನುಗಳ ನಡುವೆ ನೂಲು ಕಟ್ಟುತ್ತಿದ್ದಳು. ನೂಲು ಇರುವ ಎರಡು ಚೀಟಿಗಳು ಒಂದೇ ಹೊತ್ತಿಗೆ ಬರಕೂಡದು, ಇಷ್ಟೇ ನಿಯಮ. ಮೂರನೇ ವಾರದ ಹೊತ್ತಿಗೆ ಆ ಹಲಗೆ ಹಳೇ ಕೋಣೆಯ ಮೂಲೆಯ ಜೇಡರ ಬಲೆಯಂತಾಗುತ್ತಿತ್ತು. ನೋಡಿದವರಿಗೆ ತಲೆ ಸುತ್ತುತ್ತಿತ್ತು. ಅವಳಿಗೆ ಮಾತ್ರ ಯಾವ ನೂಲು ಯಾರದೆಂದು ಕಣ್ಣು ಮುಚ್ಚಿದರೂ ಗೊತ್ತಿರುತ್ತಿತ್ತು.

ಇಷ್ಟು ಹಟ ಯಾಕೆ? ಅದಕ್ಕೊಂದು ಕಾರಣವಿತ್ತು. ಇಪ್ಪತ್ತಾರು ವರ್ಷಗಳ ಹಿಂದೆ, ಅವಳಿಗೆ ಇಪ್ಪತ್ತಾಗಿದ್ದಾಗ, ಇದೇ ಆಫೀಸಿನ ಇದೇ ಕಿಟಕಿಯ ಹೊರಗೆ ನಿಂತಿದ್ದಳು. ಅವಳ ಗಣಿತದ ಪೇಪರೂ ಹಿಂದಿನ ವರ್ಷ ಫೇಲಾಗಿದ್ದ ಭಾಷೆಯ ಪೇಪರೂ ಒಂದೇ ಬೆಳಿಗ್ಗೆ ಹತ್ತಕ್ಕೆ ಬಂದಿದ್ದವು. ಒಳಗಿದ್ದ ಗುಮಾಸ್ತರು ತಲೆಯೆತ್ತದೆ ಹೇಳಿದ್ದರು: "ಯಾವುದಾದ್ರೂ ಒಂದು ಬರಿಯಮ್ಮ. ಹೆಣ್ಣುಮಗಳು, ಗಣಿತ ಕಟ್ಕೊಂಡು ಏನ್ಮಾಡ್ತೀಯ?" ಅವಳು ಭಾಷೆಯನ್ನು ಬರೆದಳು. ಗಣಿತ ಮುಂದಿನ ವರ್ಷಕ್ಕೆ ಉಳಿಯಿತು. ಮುಂದಿನ ವರ್ಷ ಮದುವೆ ಬಂತು, ಡಿಗ್ರಿ ಅರ್ಧಕ್ಕೇ ನಿಂತಿತು. ಕಿಟಕಿಯ ಹೊರಗೆ ನಿಂತ ನಾಲ್ಕು ವರ್ಷಕ್ಕೆ ಅದೇ ಗುಮಾಸ್ತರು ನಿವೃತ್ತರಾದಾಗ ಅದೇ ಕುರ್ಚಿಗೆ ಇವಳು ಬಂದು ಕೂತಳು. ಬೀಗದ ಕೈ ಕೊಟ್ಟವರಿಗೆ ಇವಳ ಗುರುತು ಹತ್ತಲಿಲ್ಲ. ಕೂತ ದಿನವೇ ಮನಸ್ಸಿನಲ್ಲಿ ಶಪಥ ಮಾಡಿದಳು, ತನ್ನ ಪಟ್ಟಿಯಲ್ಲಿ ಯಾರಿಗೂ ಎರಡು ಪೇಪರು ಒಂದೇ ಹೊತ್ತಿಗೆ ಬರುವುದಿಲ್ಲ ಎಂದು.

ಹೀಗೆ ನಡೆಯುತ್ತಿದ್ದ ಕಾಲದಲ್ಲಿ ವಿಶ್ವವಿದ್ಯಾಲಯ ಪಟ್ಟಿ ಮಾಡುವ ಒಂದು ಸಾಫ್ಟ್‌ವೇರ್ ಕೊಂಡುಕೊಂಡಿತು. ಅದು ಎರಡು ನಿಮಿಷದಲ್ಲಿ ಪಟ್ಟಿ ಕಕ್ಕಿತು. ಪಟ್ಟಿಯಕ್ಕ ಕನ್ನಡಕ ಏರಿಸಿ ನೋಡಿದರೆ, ಒಬ್ಬ ಹುಡುಗಿ ಸೋಮವಾರ ಬೆಳಿಗ್ಗೆ ಮೂರು ಪರೀಕ್ಷಾ ಹಾಲಿನಲ್ಲಿ ಏಕಕಾಲಕ್ಕೆ ಕೂರಬೇಕು.

"ಇವಳಿಗೆ ಮೂರು ದೇಹ ಎಲ್ಲಿಂದ ತರ್ಲಿ?" ಎಂದು ಮಾರಲು ಬಂದವನನ್ನು ಕೇಳಿದಳು.

"ಸಿಸ್ಟಂ ಹಾಗೆ ಹೇಳ್ತಿದೆ ಮೇಡಂ," ಎಂದ ಅವನು, ಸಿಸ್ಟಂ ತನ್ನ ಸೋದರಮಾವ ಎನ್ನುವ ಗತ್ತಿನಲ್ಲಿ.

"ಸಿಸ್ಟಂ ಸುಳ್ಳು ಹೇಳ್ತಿದೆ."

"ಸಿಸ್ಟಂ ಸುಳ್ಳು ಹೇಳಲ್ಲ ಮೇಡಂ. ನಿಮಗೆ ಅದು ಅರ್ಥ ಆಗಲ್ಲ."

ಆ ಕೊನೆಯ ಮಾತೊಂದನ್ನು ಅವನು ನುಂಗಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಟ್ಟಿಯಕ್ಕ ಅದೇ ವಾರ ಕಂಪ್ಯೂಟರ್ ವಿಭಾಗದ ಸಂಜೆ ಡಿಗ್ರಿಗೆ ಅರ್ಜಿ ಹಾಕಿದಳು, ನಲವತ್ಮೂರನೇ ವಯಸ್ಸಿನಲ್ಲಿ. ಸುಳ್ಳು ಎಲ್ಲಿ ಹುಟ್ಟುತ್ತದೆಂದು ನೋಡಿಯೇ ಬಿಡುತ್ತೇನೆ ಅಂತ. ಸಾಫ್ಟ್‌ವೇರ್ ಅಷ್ಟರಲ್ಲಿ ಮೂಲೆ ಸೇರಿ, ಪಟ್ಟಿ ಮತ್ತೆ ಹಲಗೆಗೇ ಬಂದಿತ್ತು.

ಎರಡನೇ ವಾರವೇ ಕಂಪ್ಯೂಟರ್ ಮೇಡಂ, ಅಂದರೆ ವಿಭಾಗದ ಮುಖ್ಯಸ್ಥೆ, ಬೋರ್ಡಿನ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದರು. ಗೆರೆ ಸೇರಿಸಿದ ಎರಡು ಚುಕ್ಕಿಗೆ ಒಂದೇ ಬಣ್ಣ ಬರಬಾರದು, ಎಲ್ಲಕ್ಕಿಂತ ಕಮ್ಮಿ ಬಣ್ಣದಲ್ಲಿ ಮುಗಿಸಬೇಕು ಎಂದರು. ಹಿಂದಿನ ಬೆಂಚಿನಿಂದ ಪಟ್ಟಿಯಕ್ಕ ಎದ್ದು ನಿಂತಳು.

"ಮೇಡಂ, ಇದು ನನ್ನ ಹಲಗೆ!"

ಮೇಡಂ ನಕ್ಕು, ಹೌದು, ನಿಮ್ಮದೇ ಎಂದರು. "ಆದ್ರೆ ಎಲ್ಲಾ ಹಲಗೆಗೂ ಬೇಗ ಬಿಡಿಸೋ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ."

"ಯಾಕೆ ಸಿಕ್ಕಿಲ್ಲ?"

"ಯಾಕೆ ಅನ್ನೋದು ನಮ್ಮ ಇಲಾಖೆ ಅಲ್ಲ. ಎದುರು ಬಾಗಿಲಿಗೆ ಹೋಗಿ ಕೇಳಿ."

ಎದುರು ಬಾಗಿಲು ಗಣಿತ ವಿಭಾಗದ್ದು. ಪಟ್ಟಿಯಕ್ಕ ಹೋಗಿ ಕೇಳಿದಳು. ಗಣಿತದ ಮೇಷ್ಟ್ರು, ಅಲ್ಲಿನ ಮುಖ್ಯಸ್ಥರು, ಅಂಗಿಯ ಜೇಬಿನ ತುಂಬ ಸೀಮೆಸುಣ್ಣದ ಪುಡಿ ಹೊತ್ತ ಮನುಷ್ಯ. "ಇದನ್ನ ಹೇಳೋಕೆ ಮೂರು ವರ್ಷ ಬೇಕಮ್ಮ. ಬೆಳಿಗ್ಗೆ ಏಳಕ್ಕೆ ಬರ್ತೀಯಾ?" ಎಂದರು. ಅವಳು ಬಂದೇ ಬಿಟ್ಟಳು. ಹೀಗೆ ಒಂದು ಹಟಕ್ಕೆ ಒಂದು ಡಿಗ್ರಿ, ಒಂದು ಪ್ರಶ್ನೆಗೆ ಇನ್ನೊಂದು ಡಿಗ್ರಿ.

ಪರೀಕ್ಷಾ ವಿಭಾಗದ ಸಾಹೇಬರು ಅನುಮತಿಗೆ ಸಹಿ ಹಾಕುವಾಗ ಹಲ್ಲಿನಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡಿದರು. ಪಟ್ಟಿ ಮಾಡುವವಳೇ ಪರೀಕ್ಷೆ ಬರೆಯುವುದೇ? ಪ್ರಶ್ನೆಪತ್ರಿಕೆ ಬೇರೆ ಕಟ್ಟಡದಲ್ಲಿ ಬೀಗದೊಳಗೆ ಇರುತ್ತದೆ, ನನ್ನ ಕೈಗೆ ತಾರೀಖು ಬಿಟ್ಟರೆ ಬೇರೇನೂ ಸಿಗುವುದಿಲ್ಲ ಎಂದು ವಾದಿಸಿ ಗೆದ್ದಳು. ಸಾಹೇಬರು ಕೊನೆಗೆ ಒಂದು ಷರತ್ತು ಬರೆದರು: ಎರಡರಲ್ಲಿ ಒಂದೇ ಒಂದು ಪೇಪರಿಗೆ ಗೈರಾದರೂ ಆ ಡಿಗ್ರಿ ರದ್ದು, ಮರಳಿ ಅವಕಾಶವಿಲ್ಲ. ಸಹಿಯಾದ ಅರ್ಜಿ ಸಿಬ್ಬಂದಿಯ ಫೈಲಿಗೆ ಹೋಯಿತು. ಈ ಫೈಲಿನ ವಿಷಯ ನೆನಪಿಡಿ.

ಬೆಳಿಗ್ಗೆ ಏಳಕ್ಕೆ ಗಣಿತ, ಹತ್ತರಿಂದ ಐದು ಆಫೀಸು, ಐದೂವರೆಗೆ ಕಂಪ್ಯೂಟರ್. ಮೇಷ್ಟ್ರು ಉತ್ತರ ಇದೆ ಎಂದು ಸಾಧಿಸಿ ಕೈ ಕೊಡವಿ ಹೊರಡುತ್ತಿದ್ದರು. "ಎಷ್ಟು ಸಾರ್ ಉತ್ತರ?" ಎಂದರೆ, "ಇದೆ ಅಂತ ತೋರಿಸಿದ್ನಲ್ಲ, ಇನ್ನೇನು ಬಾಯಿಗೆ ಇಡ್ಲಾ?" ಮೇಡಂ ಉತ್ತರ ಬರಿಸಿ ತೋರಿಸುತ್ತಿದ್ದರು. "ಇದು ಸರೀನೇ ಅಂತ ಹೇಗೆ ಗೊತ್ತು?" ಎಂದರೆ, "ಹತ್ತು ಸಲ ಓಡಿಸ್ದೆ, ಕೆಟ್ಟು ನಿಲ್ಲಲಿಲ್ಲ." ಅವರು ಒಂದರಿಂದ ಎಣಿಸಿದರೆ ಇವರು ಸೊನ್ನೆಯಿಂದ. ಮೊದಲ ತಿಂಗಳು ಪಟ್ಟಿಯಕ್ಕ ಮನೆಯಲ್ಲಿ ಎಣಿಸಿ ತಟ್ಟೆ ಇಟ್ಟಾಗಲೆಲ್ಲ ಒಂದೋ ಹೆಚ್ಚು, ಇಲ್ಲವೋ ಕಮ್ಮಿ.

ಮನೆಯಲ್ಲಿದ್ದವರು ಮೂರೇ ಜನ. ಗಂಡ ಲಿಫ್ಟ್ ರಿಪೇರಿಯವನು, ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದು ಅಡ್ಡಕ್ಕೆ ಮಲಗುವವನು. ಹೆಂಡತಿ ಏನು ಓದಿದರೂ ಅವನದು ತಕರಾರಿಲ್ಲ, ಪಂಖ ತಿರುಗುತ್ತಿದ್ದರೆ ಸಾಕು. ಅತ್ತೆಯದು ಮಾತ್ರ ನಾಲಿಗೆ ಚೂರಿ, ಕೈ ಬೆಣ್ಣೆ. ಬೆಳಿಗ್ಗೆ ಆರಕ್ಕೆ ಸೊಸೆಯ ಡಬ್ಬಿ ಕಟ್ಟುವವಳೂ ಅವಳೇ, ಕಟ್ಟುತ್ತ ಬೈಯುವವಳೂ ಅವಳೇ.

"ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯ ಕಣೇ. ಸೀಳ್ಕೊಂಡು ಹೋಗ್ತೀಯ ನೋಡು."

"ಎರಡೂ ಒಂದೇ ಕಡೆ ಹೋಗ್ತಿವೆ ಅತ್ತೆ."

"ಹೋಗ್ತವೆ ಹೋಗ್ತವೆ. ಬೀರುವಿನ ಬೀಗದ ಕೈ ಮನೇಲೇ ಇದೆ ಅಂತ ಮೊನ್ನೆ ಸಾಧಿಸಿ ತೋರಿಸ್ದೆಯಲ್ಲ, ಮೊದಲು ಅದನ್ನ ಹುಡುಕಿಕೊಡು."

ಐದು ಸೆಮಿಸ್ಟರು ಹೀಗೇ ದಾಟಿದವು. ಗಣಿತದ ಪರೀಕ್ಷೆ ಮೊದಲ ವಾರ, ಕಂಪ್ಯೂಟರಿನದು ಎರಡನೇ ವಾರ, ಅಡ್ಡಿಯೇ ಬರಲಿಲ್ಲ. ಆರನೆಯದು ಕೊನೆಯದು. ಆ ಸಲ ದೊಡ್ಡ ಹಾಲಿನ ಚಾವಣಿ ರಿಪೇರಿಗೆ ಬಂದು, ಪರೀಕ್ಷೆಗಳನ್ನೆಲ್ಲ ಹತ್ತೇ ದಿನದಲ್ಲಿ ಮುಗಿಸಬೇಕೆಂದು ಸಾಹೇಬರು ಅಪ್ಪಣೆ ಕೊಟ್ಟರು. ಪಟ್ಟಿಯಕ್ಕ ಹಲಗೆಯ ಮುಂದೆ ನಿಂತು ಯೋಚಿಸಿದಳು. ಗಣಿತದ ಚೀಟಿಗಳು ಒಂದು ಮೂಲೆ, ಕಂಪ್ಯೂಟರಿನವು ಇನ್ನೊಂದು ಮೂಲೆ, ನಡುವೆ ಒಂದೂ ನೂಲಿಲ್ಲ. ಎರಡೂ ವಿಭಾಗವನ್ನು ಒಂದೇ ವಾರಕ್ಕೆ ಹಾಕಿದರೆ ಆಯಿತಲ್ಲ! ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು ಅವತ್ತು ಎರಡು ಲೋಟ ಕಾಫಿ ಕುಡಿದಳು.

ಅಯ್ಯೋ ತಾಯೀ! ಆ ಎರಡು ಮೂಲೆಯ ನಡುವೆ ಇರಬೇಕಾದ ಒಂದೇ ಒಂದು ನೂಲು ನಿನ್ನದಲ್ಲವೇ? ಇಡೀ ವಿಶ್ವವಿದ್ಯಾಲಯದಲ್ಲಿ ಆ ಎರಡನ್ನೂ ಓದುವ ಮನುಷ್ಯಪ್ರಾಣಿ ಮತ್ತೆ ಯಾರಿದ್ದಾರೆ? ಆದರೆ ನೂಲು ಕಟ್ಟುವುದು ವಿದ್ಯಾರ್ಥಿಗಳ ಅರ್ಜಿ ನೋಡಿ. ಅವಳ ಅರ್ಜಿ ಇದ್ದದ್ದು ಸಿಬ್ಬಂದಿಯ ಫೈಲಿನಲ್ಲಿ.

ಪಟ್ಟಿ ಅಚ್ಚಾಗಿ ಬಂತು. ಪ್ರತಿ ಸಲದಂತೆ ತಾನೇ ಗೋಂದಿನ ಡಬ್ಬ ಹಿಡಿದು, ಸೂಚನಾಫಲಕದ ಮೇಲೆ ನಾಲ್ಕೂ ಮೂಲೆ ಒತ್ತಿ ಅಂಟಿಸಿದಳು. ಹಿಂದೆ ವಿದ್ಯಾರ್ಥಿಗಳು ಮುಗಿಬಿದ್ದಿದ್ದರು. ಅವಳ ಜೊತೆ ಬೆಳಿಗ್ಗೆಯ ತರಗತಿಯಲ್ಲಿ ಕೂರುವ ಒಬ್ಬಳು ಬೆರಳಿಟ್ಟು ಕೇಳಿದಳು:

"ಅಕ್ಕ, ಹನ್ನೆರಡನೇ ತಾರೀಖು ಹತ್ತು ಗಂಟೆಗೆ ನಮ್ಮ ಗಣಿತದ ಕೊನೇ ಪೇಪರ್. ಅದೇ ಹೊತ್ತಿಗೆ ಕಂಪ್ಯೂಟರಿಂದೂ ಇದೆಯಲ್ಲ. ನೀವು ಎರಡೂ ಬರೀತೀರಲ್ವಾ?"

ಕುಂಚದಿಂದ ಗೋಂದು ತೊಟ್ಟಿಕ್ಕಿ ಚಪ್ಪಲಿಯ ಮೇಲೆ ಬಿತ್ತು. ಪಟ್ಟಿಯಕ್ಕ ಬೆರಳಿಟ್ಟು ಎಲ್ಲ ಸಾಲನ್ನೂ ನೋಡಿದಳು. ಮಿಕ್ಕವು ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ ಬಂದು ಹೇಗೋ ಬಚಾವಾಗಿದ್ದವು. ಹನ್ನೆರಡನೇ ತಾರೀಖು ಮಾತ್ರ ಅವಳಿಗೂ ಎರಡು ದೇಹ ಬೇಕಿತ್ತು. ಕೆಳಗೆ ಅವಳದೇ ಸಹಿ.

"ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ," ಎಂದಳು ಅತ್ತೆ ಸುದ್ದಿ ಕೇಳಿ. ಆಮೇಲೆ ಸೊಸೆಯ ಮುಖ ನೋಡಿ, ಇನ್ನೂ ಎರಡು ಗಾದೆ ನಾಲಿಗೆಯ ತುದಿಯಲ್ಲಿದ್ದರೂ ನುಂಗಿಕೊಂಡಳು.

ಪಟ್ಟಿ ಬದಲಿಸುವುದು ಅವಳ ಕೈಯಲ್ಲೇ ಇತ್ತು. ಒಂದು ಚೀಟಿ ಕಿತ್ತು ಬೇರೆ ಕಡೆ ಚುಚ್ಚಿದರೆ ಮುಗಿಯಿತು. ಆದರೆ ಅಂಟಿಸಿದ ಪಟ್ಟಿ ಬದಲಾಗುವುದಿಲ್ಲ ಎನ್ನುವುದು ಅವಳೇ ಮಾಡಿದ ಕಾನೂನು. ಅಕ್ಕನ ಮದುವೆ ಎಂದು ಅತ್ತವರಿಗೆ, ವಿಮಾನದ ಟಿಕೆಟ್ ತೋರಿಸಿದವರಿಗೆ, ಒಮ್ಮೆ ಕುಲಪತಿಯ ತಮ್ಮನ ಮಗನಿಗೂ ಆಗುವುದಿಲ್ಲ ಎಂದಿದ್ದಳು. ಆದರೂ ಆಸೆ ಬಿಡಬೇಕಲ್ಲ! ಬಾಗಿಲು ಹಾಕಿಕೊಂಡು ಗಣಿತದ ಚೀಟಿ ಕಿತ್ತು ಒಂದೊಂದೇ ಜಾಗದಲ್ಲಿಟ್ಟು ನೋಡಿದಳು. ಎಲ್ಲಿಟ್ಟರೂ ಯಾರದೋ ನೂಲು ಎಳೆಯುತ್ತಿತ್ತು. ಕಮ್ಮಿ ಹಾನಿಯ ಜಾಗವೆಂದರೂ ಅರವತ್ತೊಂದು ಮಕ್ಕಳು ಒಂದೇ ದಿನ ಎರಡೆರಡು ಪೇಪರು ಬರೆಯಬೇಕು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಚೀಟಿಯನ್ನು ಹಿಂದಿದ್ದ ತೂತಿಗೇ ಚುಚ್ಚಿ, ಕುರ್ಚಿಯಲ್ಲಿ ಕುಸಿದು, ತನ್ನನ್ನು ತಾನೇ ಬಾಯಿಗೆ ಬಂದಂತೆ ಬೈದುಕೊಂಡಳು.

ಇಬ್ಬರು ಮುಖ್ಯಸ್ಥರಿಗೂ ಸುದ್ದಿ ಮುಟ್ಟಿತು. ಕಾರಿಡಾರಿನ ಕುಡಿಯುವ ನೀರಿನ ಯಂತ್ರ ಯಾರ ಬಾಗಿಲ ಪಕ್ಕ ಇರಬೇಕೆಂದು ಜಗಳವಾಡಿ ಏಳು ವರ್ಷದಿಂದ ಮಾತು ಬಿಟ್ಟವರು ಅವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಜಾತಿ.

"ಕಂಪ್ಯೂಟರ್ ಬಿಟ್ಬಿಡಮ್ಮ," ಎಂದರು ಮೇಷ್ಟ್ರು. "ಅದು ಹತ್ತು ವರ್ಷಕ್ಕೆ ಹಳಸಿಹೋಗುತ್ತೆ. ಗಣಿತ ಸಾವಿರ ವರ್ಷ ಆದ್ರೂ ಹಾಗೇ ಇರುತ್ತೆ."

"ಗಣಿತ ಬಿಡಿ," ಎಂದರು ಮೇಡಂ. "ಸಾವಿರ ವರ್ಷದಿಂದ ಅಲ್ಲೇ ಕೂತಿದೆ, ಎಲ್ಲಿಗೂ ಓಡಿಹೋಗಲ್ಲ."

ಇಬ್ಬರ ಮಾತೂ ಸರಿಯಾಗಿತ್ತು, ಇಬ್ಬರದೂ ಮೂರು ಕಾಸಿಗೆ ಉಪಯೋಗವಿರಲಿಲ್ಲ. ಅವಳಿಗೆ ಎರಡೂ ಬೇಕಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಒಂದನ್ನು ಬಿಟ್ಟು ನೋಡಿದ್ದಳು. ಬಿಟ್ಟದ್ದು ಬಿಟ್ಟೇ ಹೋಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೇರೆ ದಾರಿ ಕಾಣದೆ ಆಫೀಸಿನ ಕಬ್ಬಿಣದ ಬೀರುವಿನಿಂದ ಹಳೇ ನಿಯಮಗಳ ಪುಸ್ತಕ ಹೊರಗೆಳೆದಳು. ಟೈಪ್ ಮಾಡಿ ದಾರ ಹಾಕಿ ಹೊಲಿದ ಪುಸ್ತಕ, ಬೆನ್ನಿಗೆ ಗೆದ್ದಲು. ಒಬ್ಬರಿಗೂ ಡಿಕ್ಕಿಯಾಗದ ಪಟ್ಟಿ ಮಾಡುವವಳಿಗೆ ಅದನ್ನು ಓದುವ ಅಗತ್ಯವೇ ಬಿದ್ದಿರಲಿಲ್ಲ. ಮೂವತ್ತೊಂದನೇ ನಿಯಮ ಹೀಗಿತ್ತು: ಒಬ್ಬ ಅಭ್ಯರ್ಥಿಗೆ ಎರಡು ಪರೀಕ್ಷೆಗಳು ಒಂದೇ ಸಮಯಕ್ಕೆ ಬಂದಲ್ಲಿ, ಒಂದನ್ನು ಹತ್ತರಿಂದ ಒಂದರವರೆಗೂ ಇನ್ನೊಂದನ್ನು ಎರಡರಿಂದ ಐದರವರೆಗೂ ಬರೆಯಬಹುದು. ಒಂದರಿಂದ ಎರಡರವರೆಗೆ ಅಭ್ಯರ್ಥಿಯು ಹೊರಗಿನ ಯಾರೊಂದಿಗೂ ಮಾತಾಡದಂತೆ ಪರೀಕ್ಷಾ ವಿಭಾಗದ ಸಿಬ್ಬಂದಿಯೊಬ್ಬರು ಕಾವಲು ಕೂರತಕ್ಕದ್ದು.

ಪಟ್ಟಿಯಕ್ಕ ಎದ್ದು ಕುಣಿಯಬೇಕಿತ್ತು. ಕುಣಿಯಲಿಲ್ಲ. ಪುಟದ ಕೆಳಗಿದ್ದ ತಾರೀಖು ನೋಡಿದಳು. ಬೆರಳು ಮಡಿಸಿ ಎಣಿಸಿದಳು, ಒಮ್ಮೆ ಒಂದರಿಂದ, ಒಮ್ಮೆ ಸೊನ್ನೆಯಿಂದ. ಹೇಗೆ ಎಣಿಸಿದರೂ, ತಾನು ಕಿಟಕಿಯ ಹೊರಗೆ ನಿಂತಿದ್ದ ದಿನಕ್ಕೆ ಆ ನಿಯಮಕ್ಕೆ ಮೂರು ವರ್ಷ ವಯಸ್ಸಾಗಿತ್ತು.

ಸಾಹೇಬರ ಬಳಿಗೆ ಪುಸ್ತಕ ಒಯ್ದಳು. ಅವರು ತಿರುವಿ ನೋಡಿ, "ಇದು ಯಾವ ಕಾಲದ್ದೋ. ಎಂದಾದ್ರೂ ಜಾರಿಯಲ್ಲಿತ್ತಾ ಅಂತ ಹಳೇ ಗುಮಾಸ್ತರನ್ನ ಕೇಳ್ಕೊಂಡು ಬಾ, ಆಮೇಲೆ ನೋಡೋಣ," ಎಂದರು. ಅವರು ಹೇಳದಿದ್ದರೂ ಅವಳು ಹೋಗುವವಳೇ ಇದ್ದಳು.

ಹಳೇ ಗುಮಾಸ್ತರಿಗೆ ಈಗ ಎಂಬತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬಣ್ಣದ ಖಾಲಿ ಡಬ್ಬಗಳಲ್ಲಿ ಗಿಡ ಬೆಳೆಸಿಕೊಂಡು, ಅವುಗಳಿಗೆ ಲೋಟದಲ್ಲಿ ನೀರು ಹಾಕುತ್ತಿದ್ದರು. ಆಗ ಒಂದು ಗಂಟೆಗೆ ಹದಿನೈದು ನಿಮಿಷ ಬಾಕಿಯಿತ್ತು.

"ಓ, ನನ್ನ ಕುರ್ಚಿಗೆ ಬಂದ ಹುಡುಗಿ! ಬಾಮ್ಮ ಬಾ, ಕೂತ್ಕೋ."

ಅವಳು ಕೂರಲಿಲ್ಲ. ಪುಸ್ತಕ ಬಿಚ್ಚಿ ಮುಂದೆ ಹಿಡಿದಳು. "ಸಾರ್, ಈ ನಿಯಮ ನಿಮಗೆ ಗೊತ್ತಿತ್ತಾ?"

ಅವರು ಪುಟವನ್ನು ಕಣ್ಣಿನ ಹತ್ತಿರ ತಂದರು. "ಗೊತ್ತಿಲ್ದೆ ಏನಮ್ಮ? ನಾನೇ ಟೈಪ್ ಹೊಡ್ದದ್ದು. ನೋಡು, ಆ ಮಿಷನ್ನಿನ ಅಕ್ಷರ ಎಷ್ಟು ಚೆನ್ನಾಗಿತ್ತು."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ? ಎರಡು ಪೇಪರ್ ಒಟ್ಟಿಗೆ ಬಂದೋರಿಗೆ ಒಂದು ಬಿಡಿ ಅಂತಿದ್ರಲ್ಲ?"

"ಹೇಳಿದ್ರೆ ಕಾವಲು ಕೂರೋದು ಯಾರು? ಆಗ ಆಫೀಸಲ್ಲಿ ಇದ್ದವನು ನಾನೊಬ್ಬನೇ. ಒಂದರಿಂದ ಎರಡು ನನ್ನ ಊಟದ ಹೊತ್ತು." ಮುಖದಲ್ಲಿ ಕಪಟವಿರಲಿಲ್ಲ, ನಾಚಿಕೆಯೂ ಇರಲಿಲ್ಲ. "ಮನೆಗೆ ಹೋಗಿ ಬಿಸಿಬಿಸಿ ಊಟ ಮಾಡ್ತಿದ್ದೆನಮ್ಮ. ಆರಿದ್ದು ನನಗೆ ಸೇರ್ತಿರ್ಲಿಲ್ಲ."

ಒಳಗಿನಿಂದ ಅವರ ಸೊಸೆ, "ಮಾವ, ತಟ್ಟೆ ಹಾಕಿದೀನಿ," ಎಂದು ಕೂಗಿದಳು. ಒಂದು ಗಂಟೆಯಾಗಿತ್ತು. ಅವರು ಲೋಟ ಕೆಳಗಿಟ್ಟು ಒಳಗೆ ನಡೆದರು.

ಒಂದು ಡಬ್ಬವನ್ನಾದರೂ ಕಾಲಿನಲ್ಲಿ ಒದೆಯಬೇಕೆನಿಸಿತು ಪಟ್ಟಿಯಕ್ಕನಿಗೆ. ಗಿಡ ಏನು ಪಾಪ ಮಾಡಿತ್ತು ಎಂದು ಬಿಟ್ಟಳು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು, ಕರ್ಚೀಫಿನಲ್ಲಿ ಮುಚ್ಚುವಂಥ ಅಳುವಲ್ಲ, ಪಕ್ಕದವರು ಕಿಟಕಿಯ ಸೀಟು ಬಿಟ್ಟುಕೊಡುವಂಥ ಅಳು. ಇಪ್ಪತ್ತಾರು ವರ್ಷ ಅವಳು ಏನೇನು ಕಾರಣ ಹುಡುಕಿದ್ದಳು! ಹೆಣ್ಣು ಎಂದು ಹೀಗಾಯಿತು, ಕೈಯಲ್ಲಿ ಕಾಸಿಲ್ಲವೆಂದು ಹೀಗಾಯಿತು, ಭಾಷೆಯಲ್ಲಿ ಫೇಲಾಗಿದ್ದು ತನ್ನದೇ ತಪ್ಪು, ಹಣೆಬರಹ, ಗ್ರಹಚಾರ. ಎಲ್ಲವೂ ದೊಡ್ಡ ದೊಡ್ಡ ಕಾರಣಗಳು. ನಿಜವಾದ ಕಾರಣ ಇಷ್ಟೇ: ಒಬ್ಬ ಮನುಷ್ಯನ ಅನ್ನ ಆರಿಹೋಗುತ್ತಿತ್ತು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿ, ಹೆಚ್ಚುತ್ತಿದ್ದ ತರಕಾರಿಯನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

"ಆ ಹೊಟ್ಟೆಬಾಕನಿಗೆ ಅವತ್ತು ಯಾರಾದ್ರೂ ಒಂದು ಡಬ್ಬಿ ಕಟ್ಟಿಕೊಟ್ಟಿದ್ರೆ ನೀನು ಇವತ್ತು ಪ್ರೊಫೆಸರ್ ಆಗಿರ್ತಿದ್ದೆ," ಎಂದಳು. "ನನ್ನ ಮಗನ ಕೈಗೂ ಸಿಗ್ತಿರ್ಲಿಲ್ಲ."

"ನನ್ನ ಯಾಕಮ್ಮ ಎಳೀತೀಯ ಇದಕ್ಕೆ?" ಎಂದ ಮಗ ಮಲಗಿದಲ್ಲಿಂದ.

"ನೀನು ಮಲಕ್ಕೋ." ಅತ್ತೆ ಸೊಸೆಯ ಕಡೆ ತಿರುಗಿದಳು. "ಈಗ ಕಾವಲು ಕೂರಬೇಕಾದೋನು ಯಾರು?"

"ಆಫೀಸಲ್ಲಿ ಇರೋದು ನಾನು, ಸಾಹೇಬ್ರು. ನನ್ನನ್ನ ನಾನೇ ಕಾಯೋ ಹಾಗಿಲ್ಲ."

"ಆ ಸಾಹೇಬನ ಹೊಟ್ಟೆ ಹೇಗೆ?"

ಸಾಹೇಬರ ಹೊಟ್ಟೆ ಹಳೇ ಗುಮಾಸ್ತರದ್ದಕ್ಕಿಂತ ಕಷ್ಟದ್ದು. ಮರುದಿನ ವಿಷಯ ತಿಳಿಸಿದ ಕೂಡಲೇ ಅವರು ಎದೆ ನೀವಿಕೊಂಡರು. "ನಿಯಮ ಸರಿಯಮ್ಮ, ಆದ್ರೆ ಒಂದು ಗಂಟೆಗೆ ಸರಿಯಾಗಿ ತಿನ್ನದಿದ್ರೆ ನನಗೆ ಎದೆ ಉರಿ ಶುರುವಾಗುತ್ತೆ. ಕ್ಯಾಂಟೀನಿಗೆ ಹೋಗಿ ಬರೋಷ್ಟರಲ್ಲಿ..."

ಪಟ್ಟಿಯಕ್ಕ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಾಹೇಬರ ಮೇಜಿಗೆ ಎರಡೂ ಕೈ ಊರಿ ನಿಂತಳು.

"ಸಾರ್, ಒಬ್ಬರ ಊಟಕ್ಕೆ ನನ್ನ ಇಪ್ಪತ್ತಾರು ವರ್ಷ ಹೋಗಿದೆ. ನಿಮ್ಮ ಊಟಕ್ಕೂ ಇನ್ನೊಂದು ಡಿಗ್ರಿ ಬಿಟ್ಟುಕೊಡೋಷ್ಟು ವಯಸ್ಸು ನನ್ನ ಹತ್ರ ಉಳಿದಿಲ್ಲ. ಊಟ ನಮ್ಮನೆಯಿಂದ ಬರುತ್ತೆ, ಒಂದು ಗಂಟೆಗೆ, ಖಾರ ಕಮ್ಮಿ. ನೀವು ಕೂತ್ಕೊಳ್ಳಿ ಸಾಕು."

ಸಾಹೇಬರು ಅವಳ ಮುಖ ನೋಡಿದರು. ಎದೆ ಉರಿಗಿಂತ ಕಷ್ಟದ್ದೇನೋ ಅಲ್ಲಿ ಕಂಡಿರಬೇಕು. ಪೆನ್ನು ತೆಗೆದು ಸಹಿ ಹಾಕಿದರು.

ಹನ್ನೆರಡನೇ ತಾರೀಖು ಹತ್ತಕ್ಕೆ ಗಣಿತ. ಐದು ದೊಡ್ಡ ಪ್ರಶ್ನೆ. ಎರಡು ಅವಳಿಗೆ ನೀರು ಕುಡಿದಷ್ಟು ಸುಲಭ, ಎರಡು ಬೆವರಿಳಿಸಿದವು, ಐದನೆಯದರ ತಲೆಬುಡ ತಿಳಿಯಲಿಲ್ಲ. ಉತ್ತರ ಇದೆ ಎಂದು ಮಾತ್ರ ಸಾಧಿಸಿ, ಎಷ್ಟು ಎನ್ನುವುದನ್ನು ದೇವರಿಗೆ ಬಿಟ್ಟು, ಒಂದಕ್ಕೆ ಪೇಪರು ಕೊಟ್ಟಳು. ಸಾಹೇಬರು ಬಾಗಿಲಲ್ಲೇ ಕಾದಿದ್ದು, ಹಳೇ ಕಡತಗಳ ಕೋಣೆಗೆ ಕರೆದೊಯ್ದು ಒಳಗಿನಿಂದ ಚಿಲಕ ಹಾಕಿದರು. ಒಂದು ಮೇಜು, ಎರಡು ಕುರ್ಚಿ, ನಾಲ್ಕು ದಿಕ್ಕಿಗೂ ಧೂಳು.

ಚಿಲಕ ಹಾಕಿ ಇನ್ನೂ ಕೂತಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ಅತ್ತೆ! ಎರಡು ಬಸ್ಸು ಬದಲಿಸಿ, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಸೊಸೆಯ ಜೊತೆ ಮಾತಾಡಕೂಡದು ಎಂದು ಸಾಹೇಬರು ಹೊಸ್ತಿಲಲ್ಲೇ ತಡೆದರು. ಡಬ್ಬಿ ತೆಗೆದುಕೊಂಡು, ನಿಯಮದ ಪ್ರಕಾರ ಮುಚ್ಚಳ ಬಿಚ್ಚಿ, ಅನ್ನವನ್ನು ಚಮಚದಲ್ಲಿ ಕೆದಕಿ ಕೆದಕಿ ಚೀಟಿ ಹುಡುಕಿದರು.

"ಹುಡುಕಿ ಸ್ವಾಮಿ, ಚೆನ್ನಾಗಿ ಹುಡುಕಿ," ಎಂದಳು ಅತ್ತೆ. "ಉಪ್ಪು ಬಿಟ್ಟು ಅದರಲ್ಲಿ ಏನೂ ಬಚ್ಚಿಟ್ಟಿಲ್ಲ. ಗಣಿತ ಬರೋ ಹಾಗಿದ್ರೆ ನಾನ್ಯಾಕೆ ಒಲೆ ಮುಂದೆ ನಿಂತಿರ್ತಿದ್ದೆ?" ಸೊಸೆಯ ಕಡೆ ನೋಡಲಿಲ್ಲ. ಬಾಗಿಲ ಚೌಕಟ್ಟಿಗೆ ಹೇಳುವಂತೆ, "ತಿಂದು ಬರೀಬೇಕು, ಖಾಲಿ ಹೊಟ್ಟೇಲಿ ತಲೆ ಓಡಲ್ಲ," ಎಂದು ಹೇಳಿ ಹೊರಟುಹೋದಳು.

ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಸಾಹೇಬರು ಮೊದಲು ಸಂಕೋಚದಿಂದ, ಆಮೇಲೆ ಸಂಕೋಚವಿಲ್ಲದೆ ತಿಂದರು. ವಿಷಯದ ಬಗ್ಗೆ ಮಾತಾಡುವಂತಿರಲಿಲ್ಲ, ಹಾಗಾಗಿ ಒಂದು ಗಂಟೆ ಪೂರ್ತಿ ಎದೆ ಉರಿಯ ಬಗ್ಗೆ ಮಾತಾಡಿದರು. ಪಟ್ಟಿಯಕ್ಕನಿಗೆ ಅಷ್ಟು ಹಿತವಾದ ಸಂಭಾಷಣೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಎರಡಕ್ಕೆ ಕಂಪ್ಯೂಟರ್. ಕೊನೆಯ ಪ್ರಶ್ನೆ ನೋಡಿ ನಕ್ಕೇ ಬಿಟ್ಟಳು: ಎಂಟು ಪೇಪರುಗಳಿಗೆ ಡಿಕ್ಕಿಯಾಗದ ವೇಳಾಪಟ್ಟಿ ಮಾಡುವ ಕ್ರಮ ಬರೆಯಿರಿ. ಬರೆದಳು. ಬರೆದು ಮುಗಿಸಿ ಕೆಳಗೆ ಒಂದು ಸಾಲು ಸೇರಿಸಿದಳು: ಸೂಚನೆ, ಪಟ್ಟಿ ಮಾಡುವವರೂ ಪರೀಕ್ಷೆ ಬರೆಯುತ್ತಿರಬಹುದು, ಮೊದಲು ಅವರ ನೂಲು ಕಟ್ಟಿ. ಅದು ಪ್ರಶ್ನೆಗೆ ಸಂಬಂಧಿಸಿದ್ದಲ್ಲ ಎಂದು ಮೇಡಂ ಅರ್ಧ ಅಂಕ ಕತ್ತರಿಸಿದರು.

ಎರಡೂ ಪಾಸಾಯಿತು. ಕಂಪ್ಯೂಟರಿನಲ್ಲಿ ಜೋರಾಗಿ, ಗಣಿತದಲ್ಲಿ ಪಾಸಿಗೆ ಬೇಕಾದ್ದಕ್ಕಿಂತ ಒಂದೇ ಒಂದು ಅಂಕ ಮೇಲೆ. ಅವಳು ಪೆಚ್ಚುಮೋರೆ ಹಾಕಿಕೊಂಡು ಎದುರು ಬಾಗಿಲಿಗೆ ಹೋದರೆ ಮೇಷ್ಟ್ರು ಸೀಮೆಸುಣ್ಣದ ಕೈ ಬೀಸಿ ಹೇಳಿದರು: "ಪಾಸು ಇದೆ ಅಂತ ಸಾಧಿಸಿದ್ದೀಯಲ್ಲಮ್ಮ. ಎಷ್ಟರಲ್ಲಿ ಅನ್ನೋದು ಆ ಕಡೆ ಬಾಗಿಲಿನೋರ ಪ್ರಶ್ನೆ." ಅತ್ತೆ ಎರಡು ಪ್ರಮಾಣಪತ್ರಗಳನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಅಷ್ಟರಲ್ಲಿ ಸಿಕ್ಕಿತ್ತು, ಮನೆಯಲ್ಲೇ.

ಮುಂದಿನ ಸೆಮಿಸ್ಟರಿನ ಪಟ್ಟಿಯ ಕೆಳಗೆ, ತನ್ನ ಸಹಿಗಿಂತ ದಪ್ಪ ಅಕ್ಷರದಲ್ಲಿ, ಪಟ್ಟಿಯಕ್ಕ ಒಂದು ಸಾಲು ಅಚ್ಚು ಹಾಕಿಸಿದಳು. ಎರಡು ಪರೀಕ್ಷೆ ಒಂದೇ ಹೊತ್ತಿಗೆ ಬಂದವರು ಎರಡನ್ನೂ ಬರೆಯಬಹುದು, ಕಿಟಕಿಯಲ್ಲಿ ಕೇಳಿ. ಅಂಟಿಸಿದ ನಾಲ್ಕನೇ ದಿನ ಕಿಟಕಿಯ ಹೊರಗೆ ಒಬ್ಬಳು ಬಂದು ನಿಂತಳು. ಫೇಲಾದ ಪೇಪರಿನ ಅರ್ಜಿ ತಡವಾಗಿ ಬಂದಿತ್ತು, ಅವಳ ನೂಲು ಹಲಗೆಗೆ ಏರಿರಲಿಲ್ಲ. ಕೆಳಗಿನ ಸಾಲನ್ನು ಓದಿರಲಿಲ್ಲ, ಓದಿದರೂ ನಂಬಿರಲಿಲ್ಲ.

"ಅಕ್ಕ, ಎರಡು ಒಟ್ಟಿಗೆ ಬಂದಿವೆ. ಯಾವುದು ಬಿಡ್ಲಿ?"

ಪಟ್ಟಿಯಕ್ಕ ತಲೆಯೆತ್ತಿ ಅವಳ ಮುಖವನ್ನು ಪೂರ್ತಿ ನೋಡಿದಳು. "ಯಾವುದೂ ಬಿಡಬೇಡ."

ಪರೀಕ್ಷೆಯ ದಿನ ಒಂದು ಗಂಟೆಗೆ ಅದೇ ಧೂಳಿನ ಕೋಣೆಯಲ್ಲಿ ಇಬ್ಬರೂ ಕೂತರು. ಮುಂಜಾನೆ ಆರಕ್ಕೆ ಅತ್ತೆ ಬೈಯುತ್ತ ಕಟ್ಟಿದ ಡಬ್ಬಿ ಮೇಜಿನ ಮೇಲಿತ್ತು, ಇಬ್ಬರಿಗಾಗುವಷ್ಟು. ಹುಡುಗಿ ಗಡಿಯಾರವನ್ನೂ ಡಬ್ಬಿಯನ್ನೂ ನೋಡಿ ಮುದುರಿಕೊಂಡಳು.

"ನನ್ನಿಂದ ನಿಮ್ಮ ಊಟದ ಹೊತ್ತು ಹಾಳಾಯ್ತು ಅಕ್ಕ."

"ಸುಮ್ನೆ ತಿನ್ನೇ. ಎರಡಕ್ಕೆ ಬೆಲ್ ಹೊಡೆಯುತ್ತೆ."

ಮುಚ್ಚಳ ಬಿಚ್ಚಿದಳು. ಅನ್ನ ಆರಿಹೋಗಿತ್ತು. ಇಬ್ಬರೂ ಒಂದು ಅಗುಳೂ ಬಿಡದೆ ತಿಂದರು.